ಒಂದು ಆಂಪು, ಎರಡು ಟಾಪು, ಒಂದು ಸಬ್ಬು: ಬ್ರಿಡ್ಜ್ ಮಾಡ್ಬೇಕಾ?

ಪ್ರಶ್ನೆ: ಮಲ್ಪೆ ಹತ್ರ ನಮ್ಮದೊಂದು ಭಜನಾ ಮಂದಿರ ಉಂಟು. ಹೊಸದಾಗಿ ಎರಡು ಚಾನೆಲಿನ ಪವರ್ ಆಂಪ್ಲಿಫೈಯರ್ ತೆಗೊಂಡಿದ್ದೇವೆ. ಒಂದೊಂದು ಚಾನೆಲಿಗೆ 8 ಓಮ್ಸಲ್ಲಿ 350 ವ್ಯಾಟ್, 4 ಓಮ್ಸಲ್ಲಿ 550 ವ್ಯಾಟ್, ಬ್ರಿಡ್ಜ್ ಮಾಡಿದ್ರೆ, ಅಂದ್ರೆ ಎರಡೂ ಚಾನೆಲ್ ಸೇರಿಸಿ ಒಂದು ಮಾಡಿದ್ರೆ, 8 ಓಮ್ಸಲ್ಲಿ 1100 ವ್ಯಾಟ್ ಅಂತ ಬರ್ದಿದೆ. ಮಾತು ಹಾಡಿಗೆ 12 ಇಂಚಿನ ಟಾಪ್ ಬಾಕ್ಸ್ ಎರಡು, ಬೇಸಿಗೆ 18 ಇಂಚಿನ ಸಬ್ ಒಂದು, ಮೂರೂ 8 ಓಮ್ಸ್. ಮಿಕ್ಸರ್ ಉಂಟು, ಬೇಸನ್ನು ಬೇರೆ ಮಾಡಿ ಕೊಡುವ ಕ್ರಾಸೋವರ್ ಇಲ್ಲ. ನಮಗೆ ಸ್ಟೀರಿಯೋ ಎಲ್ಲ ಬೇಡ, ಎರಡೂ ಬಾಕ್ಸಲ್ಲಿ ಒಂದೇ ಸೌಂಡ್ ಬಂದ್ರೆ ಸಾಕು. ಬ್ರಿಡ್ಜ್ ಮಾಡಿ ಮೂರನ್ನೂ ಒಟ್ಟಿಗೆ ಕೊಡಿ, ಡಬಲ್ ಪವರ್ ಸಿಕ್ತದೆ ಅಂತ ಗೊತ್ತಿದ್ದವರೊಬ್ರು ಹೇಳಿದ್ರು. ಮುಂದಿನ ತಿಂಗಳು ಏಕಾಹ ಭಜನೆ. ಕನೆಕ್ಷನ್ ಹೇಗೆ ಕೊಡುದು?

ಉತ್ತರ: ಮೊದಲು ಆ ಬ್ರಿಡ್ಜ್ ವಿಷಯ ಮುಗಿಸುವ, ಯಾಕಂದ್ರೆ ಅದನ್ನು ಮಾಡಿದ್ರೆ ಉಳಿದದ್ದೆಲ್ಲ ಮಾತಾಡ್ಲಿಕ್ಕೆ ಆಂಪೇ ಇರುದಿಲ್ಲ. 8 ಓಮ್ಸಿನ ಮೂರು ಬಾಕ್ಸ್ ಒಟ್ಟಿಗೆ ಪ್ಯಾರಲಲ್ ಕೊಟ್ರೆ 8 ಭಾಗಿಸು 3, ಅಂದ್ರೆ ಸುಮಾರು 2.67 ಓಮ್ಸ್ ಆಯ್ತು. ಬ್ರಿಡ್ಜಲ್ಲಿ ಎರಡು ಚಾನೆಲ್ ಸೇರಿ ಆ ಲೋಡನ್ನು ಎಳೀತವೆ, ಒಂದೊಂದು ಚಾನೆಲಿಗೆ ಕಾಣುದು ಅದರ ಅರ್ಧ, 1.33 ಓಮ್ಸ್. ನಿಮ್ಮ ಆಂಪ್ ಒಂದು ಚಾನೆಲಿಗೆ 4 ಓಮ್ಸಿಗಿಂತ ಕೆಳಗೆ ಇಳೀಲಿಕ್ಕೆ ಆದದ್ದಲ್ಲ, ಅದಕ್ಕೇ ಬ್ರಿಡ್ಜ್ ಲೆಕ್ಕ 8 ಓಮ್ಸಿಗೆ ಮಾತ್ರ ಬರ್ದಿರುದು. ಪ್ರೊಟೆಕ್ಷನ್ ಒಳ್ಳೇದುಂಟು ಅಂತಾದ್ರೆ ಎರಡನೇ ಹಾಡಿಗೇ ಕಟ್ ಆಗಿ ಕೂತ್ಕೊಳ್ತದೆ, ಇಲ್ಲದಿದ್ರೆ ಔಟ್‌ಪುಟ್ ಟ್ರಾನ್ಸಿಸ್ಟರ್ ಹೋಗ್ತದೆ. ಡಬಲ್ ಪವರ್ ಅಂತ ಹೇಳಿದವರ ಮಾತು ಪೂರ್ತಿ ಸುಳ್ಳಲ್ಲ ಮಾರಾಯ್ರೆ, ಆದ್ರೆ ಅದು ಒಂದೇ ಒಂದು 8 ಓಮ್ಸಿನ ಸಬ್ ಇದ್ದು ಟಾಪುಗಳಿಗೆ ಬೇರೆ ಆಂಪ್ ಇದ್ದವರಿಗೆ. ಆಗ್ಲೂ 1100 ವ್ಯಾಟ್ ತಿನ್ನುವ ಸಬ್ಬು ಬೇಕು.

ಅದೂ ಅಲ್ಲದೆ ಬ್ರಿಡ್ಜ್ ಮಾಡಿದ್ರೆ ಎರಡು ಚಾನೆಲ್ ಸೇರಿ ಒಂದಾಗ್ತದೆ. ಟಾಪಿಗೂ ಸಬ್ಬಿಗೂ ಒಂದೇ ಸಿಗ್ನಲ್. ನಿಮಗೆ ಬೇಕಾದ್ದು ಸರೀ ಉಲ್ಟಾ, ಟಾಪಿಗೆ ಬೇರೆ, ಸಬ್ಬಿಗೆ ಬೇರೆ. ಸ್ಟೀರಿಯೋ ಬೇಡ ಅಂತ ನೀವೇ ಹೇಳಿದ್ದೀರಲ್ಲ, ಹಾಗಾದ್ರೆ ನಿಮ್ಮತ್ರ ಒಂದು ಚಾನೆಲ್ ಪೂರ್ತಿ ಖಾಲಿ ಉಳೀತು ಅಂತ ಲೆಕ್ಕ, ಅದನ್ನು ಸಬ್ಬಿಗೆ ಬಿಟ್ಟುಕೊಡಿ.

ಆಂಪಿನ ಹಿಂದೆ ಸ್ಟೀರಿಯೋ, ಪ್ಯಾರಲಲ್, ಬ್ರಿಡ್ಜ್ ಅಂತ ಒಂದು ಸ್ವಿಚ್ ಇರ್ತದೆ. ಅದು ಸ್ಟೀರಿಯೋದಲ್ಲಿರ್ಬೇಕು. ನೀವು ಮೋನೋ ಕೇಳುದಾದ್ರೂ ಸ್ಟೀರಿಯೋದಲ್ಲೇ, ಇಲ್ಲಿ ಆ ಶಬ್ದಕ್ಕೆ ಅರ್ಥ ಎರಡು ಚಾನೆಲ್ ಬೇರೆ ಬೇರೆ ಅಂತ ಅಷ್ಟೆ. ನಾನೇ ಒಮ್ಮೆ ಕಾರ್ಕಳ ಹತ್ರ ಒಂದು ಕಾರ್ಯಕ್ರಮಕ್ಕೆ ಹೋಗಿ ಅದು ಪ್ಯಾರಲಲ್ಲಲ್ಲಿ ಇದ್ದದ್ದು ನೋಡದೆ ಎಲ್ಲ ಕಟ್ಟಿದೆ. ಪ್ಯಾರಲಲ್ಲಲ್ಲಿ ಎರಡು ಇನ್‌ಪುಟ್ ಒಳಗಿಂದ ಸೇರಿ ಬಿಡ್ತವೆ. ಸಬ್ಬಿನ ಒಳಗಿಂದ ಯಾರೋ ಕಂಬಳಿ ಹೊದ್ದುಕೊಂಡು ಹಾಡಿದ ಹಾಗೆ ಸ್ವಾಗತ ಭಾಷಣ ಬಂತು, ಅರ್ಧ ಗಂಟೆ ಕ್ರಾಸೋವರಿಗೆ ಬೈದು, ಕೇಬಲ್ ಬದಲಿಸಿ, ಕೊನೆಗೆ ಟಾರ್ಚ್ ಹಾಕಿ ನೋಡಿದ್ರೆ ಉಗುರಿನಷ್ಟು ದೊಡ್ಡ ಸ್ವಿಚ್ಚು.

ಈಗ ಔಟ್‌ಪುಟ್ ಬದಿ. ಎ ಚಾನೆಲಿಗೆ ಎರಡು ಟಾಪ್. ಆಂಪಿಂದ ಮೊದಲ ಟಾಪಿಗೆ ಒಂದು ಕೇಬಲ್, ಅದರ ಹಿಂದಿನ ಥ್ರೂ ಸಾಕೆಟಿಂದ ಎರಡನೇದಕ್ಕೆ ಇನ್ನೊಂದು. ಥ್ರೂ ಅಂದ್ರೆ ಪ್ಯಾರಲಲ್ಲೇ, ಎರಡು 8 ಸೇರಿ 4 ಓಮ್ಸ್, ಎ ಚಾನೆಲ್ 550 ಕೊಡ್ತದೆ, ಒಂದೊಂದು ಟಾಪಿಗೆ 275. ಬಿ ಚಾನೆಲಿಗೆ ಸಬ್ ಒಂದೇ, 8 ಓಮ್ಸ್, 350 ವ್ಯಾಟ್. ಮೂರನೇ ಟಾಪ್ ಯಾರಾದ್ರೂ ದಾನ ಕೊಟ್ರೆ ಅದನ್ನೂ ಎ ಚಾನೆಲಿಗೆ ಸಿಕ್ಕಿಸ್ಬೇಡಿ, ಪುನಃ 2.67 ಆಗ್ತದೆ. ಮಂದಿರದಲ್ಲಿ ಹಳೇ ಹಾರ್ನ್ ಇದ್ರೆ, ಅಹುಜಾದಂಥ ಆಂಪಿನ 100 ವೋಲ್ಟ್ ಲೈನಿಗೆ ಕೊಟ್ಟದ್ದು, ಅದನ್ನು ಆ ಆಂಪಿಗೇ ಬಿಡಿ, ಇದಕ್ಕೆ ಸೇರಿಸ್ಬೇಡಿ. ಈ ಬಾಕ್ಸುಗಳನ್ನು ಆ 100 ವೋಲ್ಟಿಗೂ ಕೊಡ್ಬೇಡಿ.

ಸ್ಪೀಕರ್ ಕೇಬಲಿನ ತುದಿಗೆ ಬರುವ ಸ್ಪೀಕಾನ್ ಕನೆಕ್ಟರಲ್ಲಿ ನಾಲ್ಕು ಪಿನ್ ಇರ್ತದೆ, 1+, 1−, 2+, 2− ಅಂತ. ನಿಮಗೆ ಬೇಕಾದ್ದು 1+ ಮತ್ತು 1− ಮಾತ್ರ. ಸುಮಾರು ಆಂಪುಗಳಲ್ಲಿ ಎ ಚಾನೆಲಿನ ಸಾಕೆಟಲ್ಲೇ 2+ 2− ಪಿನ್ನಿಗೆ ಬಿ ಚಾನೆಲನ್ನೂ ತಂದಿಟ್ಟಿರ್ತಾರೆ, ಬ್ರಿಡ್ಜ್ ಔಟ್ ತೆಗೆಯುದು 1+ ಮತ್ತು 2+ ಇಂದ. ಹಾಗಾಗಿ ಯಾರದ್ದೋ ಬ್ರಿಡ್ಜಿಗೆ ಮಾಡಿಟ್ಟ ಹಳೇ ಕೇಬಲ್ ತಂದು ಚುಚ್ಚುವ ಮೊದಲು ಕನೆಕ್ಟರ್ ತಿರುಗಿಸಿ ಬಿಚ್ಚಿ ಒಳಗೆ ಒಮ್ಮೆ ನೋಡಿ. ವಯರಿನ ತುದಿಗೆ ಸೋಲ್ಡರ್ ಹಾಕಿ ಸ್ಕ್ರೂ ಬಿಗಿಯುವ ಅಭ್ಯಾಸ ಇದ್ರೆ ಬಿಡಿ, ಸೀಸ ಮೆದು, ಸ್ವಲ್ಪ ದಿನದಲ್ಲಿ ಕೂತು ಸ್ಕ್ರೂ ಸಡಿಲ ಆಗ್ತದೆ. ತಾಮ್ರದ ಎಳೆಗಳನ್ನು ಚೆನ್ನಾಗಿ ಹುರಿ ಮಾಡಿ ಹಾಗೇ ಹಾಕಿ, ಒಂದೇ ಒಂದು ಎಳೆ ಆಚೆ ಬಂದು ಪಕ್ಕದ ಪಿನ್ನಿಗೆ ತಾಗಿದ್ರೂ ಶಾರ್ಟ್.

ವಯರು ತೋರ ಬೇಕು. ಮನೆ ಫ್ಯಾನಿಗೆ ಎಳೆಯುವ 1 ಸ್ಕ್ವೇರ್ ಎಂಎಂ ಸಪೂರ ವಯರಲ್ಲಿ 20 ಮೀಟರ್ ದೂರ ಹೋದ್ರೆ ಹೋಗಿ ಬರುವ ಲೆಕ್ಕ 40 ಮೀಟರ್, ಅದರ ರೆಸಿಸ್ಟೆನ್ಸೇ ಸುಮಾರು 0.7 ಓಮ್. 4 ಓಮ್ಸಿನ ಲೋಡಿಗೆ ಹೋಗುವ ಪವರಲ್ಲಿ ಹತ್ತಿರ ಹತ್ತಿರ 15 ಪರ್ಸೆಂಟ್ ವಯರಲ್ಲೇ ಬಿಸಿಯಾಗಿ ಹೋಯ್ತು. 2.5 ಸ್ಕ್ವೇರ್ ಹಾಕಿದ್ರೆ ಅದು 6-7 ಪರ್ಸೆಂಟಿಗೆ ಇಳೀತದೆ. ಆಂಪ್ ಸ್ಟೇಜ್ ಹತ್ರ ಇಟ್ಟು ಮಿಕ್ಸರಿಂದ ಬರುವ ಸಿಗ್ನಲ್ ಕೇಬಲನ್ನು ಉದ್ದ ಮಾಡಿ, ಸ್ಪೀಕರ್ ಕೇಬಲನ್ನು ಗಿಡ್ಡ ಮಾಡಿ, ದುಡ್ಡೂ ಉಳೀತದೆ.

ಇನ್ನು ಮುಖ್ಯದ್ದು ಇನ್‌ಪುಟ್. ಕ್ರಾಸೋವರ್ ಇಲ್ಲ ಅಂದ್ರಲ್ಲ, ಮೊದಲು ಆಂಪಿನ ಹಿಂದೆ ನೋಡಿ, ಈಗಿನ ಕೆಲವು ಆಂಪುಗಳಲ್ಲಿ ಚಾನೆಲಿಗೊಂದು ಫಿಲ್ಟರ್ ಸ್ವಿಚ್ ಬರ್ತದೆ, ಬೇಸ್ ಮಾತ್ರ ಬಿಡುವ ಲೋ ಪಾಸ್, ಬೇಸ್ ತಡೆಯುವ ಹೈ ಪಾಸ್ ಅಂತ. ಇದ್ರೆ ಎ ಚಾನೆಲಿಗೆ ಹೈ ಪಾಸ್, ಬಿ ಚಾನೆಲಿಗೆ ಲೋ ಪಾಸ್ ಹಾಕಿ, ಕೆಲಸ ಮುಗೀತು. ಇಲ್ಲದಿದ್ರೆ ಮಿಕ್ಸರಿಗೂ ಆಂಪಿಗೂ ನಡುವೆ ಕೂರುವ ಒಂದು ಆಕ್ಟಿವ್ ಕ್ರಾಸೋವರ್ ತೆಗೊಳ್ಳಿ, ಅದಕ್ಕೆ ಹಾಕುವ ದುಡ್ಡು ದಂಡ ಅಲ್ಲ. ಬಾಕ್ಸಿನ ಒಳಗೆ ಕಾಯಿಲ್ ಹಾಕಿ ಮಾಡುವ ಅಂತ ಯಾರಾದ್ರೂ ಬಂದ್ರೆ ಬೇಡ ಅನ್ನಿ. 8 ಓಮ್ಸಿಗೆ 100 ಹರ್ಟ್ಸಲ್ಲಿ ಕಟ್ ಮಾಡ್ಲಿಕ್ಕೆ ತೀರಾ ಸಾದಾ ಫಿಲ್ಟರಿಗೇ 12.7 ಮಿಲಿಹೆನ್ರಿ ಕಾಯಿಲ್ ಬೇಕು, ತೋರ ತಂತಿಯಲ್ಲಿ ಸುತ್ತಿದ್ರೆ ಅದೊಂದು ತೆಂಗಿನಕಾಯಿಯ ಹಾಗೆ ಆಗ್ತದೆ, ಅಷ್ಟು ಮಾಡಿದ್ರೂ ಕಟ್ ಆಗುದು ಆಕ್ಟೇವಿಗೆ 6 ಡಿಬಿ ಮಾತ್ರ. ಆಕ್ಟಿವ್ ಕ್ರಾಸೋವರಲ್ಲಿ 24 ಡಿಬಿ ಸಿಕ್ತದೆ. ಅಂದ್ರೆ 100ಕ್ಕೆ ಇಟ್ರೆ 200 ಹರ್ಟ್ಸಿಗೆ ಬರುವಾಗ ಸಬ್ಬಿಗೆ ಹೋಗುವ ಪವರ್ 250ರಲ್ಲಿ ಒಂದು ಪಾಲು ಮಾತ್ರ, ಮಾತು ಹಾಡು ಯಾವುದೂ ಸಬ್ಬಿಂದ ಕೇಳುದಿಲ್ಲ. ನಿಮ್ಮ 12 ಇಂಚಿನ ಟಾಪಿಗೆ 100 ಒಳ್ಳೆ ಜಾಗ. ಒಂದೇ ಜಾಗ್ರತೆ, ಕ್ರಾಸೋವರಲ್ಲಿ ಇಂಟು ಹತ್ತು ಅಂತ ಒಂದು ಸಣ್ಣ ಬಟನ್ ಇರ್ತದೆ, ಅದು ಒತ್ತಿದ್ರೆ 100 ಅಂತ ನೀವು ತಿರುಗಿಸಿಟ್ಟದ್ದು 1000 ಆಗ್ತದೆ. ಆಗ ಪುನಃ ಕಂಬಳಿ ಭಾಷಣ.

ಮಿಕ್ಸರಿನ ಲೆಫ್ಟ್ ರೈಟ್ ಎರಡೂ ಔಟನ್ನು ಒಂದು ವೈ ಕೇಬಲಲ್ಲಿ ಸೇರಿಸಿ ಮೋನೋ ಮಾಡುವ ಪದ್ಧತಿ ನಮ್ಮಲ್ಲಿ ತುಂಬಾ ಉಂಟು, ಅದು ಮಾಡ್ಬೇಡಿ. ಒಂದು ಔಟನ್ನು ಎರಡು ಇನ್‌ಪುಟಿಗೆ ಹಂಚಬಹುದು, ತೊಂದರೆ ಇಲ್ಲ. ಎರಡು ಔಟ್ ಸೇರಿಸಿದ್ರೆ ಒಂದು ಇನ್ನೊಂದನ್ನು ದೂಡ್ಲಿಕ್ಕೆ ಶುರು ಮಾಡ್ತದೆ, ಸೌಂಡ್ ಒಡೀತದೆ, ಮಿಕ್ಸರಿನ ಔಟ್‌ಪುಟಿಗೂ ಒಳ್ಳೇದಲ್ಲ.

ನಾನು ನಿಮ್ಮ ಜಾಗದಲ್ಲಿದ್ರೆ ಮಾಡುವ ಕೆಲಸ ಬೇರೆ. ಲೆಫ್ಟ್ ಔಟ್ ಟಾಪಿಗೆ, ರೈಟ್ ಔಟ್ ಸಬ್ಬಿಗೆ. ಕ್ರಾಸೋವರನ್ನು ಸ್ಟೀರಿಯೋ ಟೂ ವೇಯಲ್ಲಿ ಇಡಿ, ಮಿಕ್ಸರಿನ ಲೆಫ್ಟ್ ಹೋಗಿ ಕ್ರಾಸೋವರಿನ ಒಂದನೇ ಇನ್‌ಪುಟಿಗೆ, ಅದರ ಹೈ ಔಟ್ ಆಂಪಿನ ಎ ಚಾನೆಲಿಗೆ. ಮಿಕ್ಸರಿನ ರೈಟ್ ಎರಡನೇ ಇನ್‌ಪುಟಿಗೆ, ಅದರ ಲೋ ಔಟ್ ಬಿ ಚಾನೆಲಿಗೆ. ಒಂದನೇದರ ಲೋ, ಎರಡನೇದರ ಹೈ ಖಾಲಿ ಬಿಡಿ. ಲೋ ಸಮ್ ಅಂತ ಬಟನ್ ಇದ್ರೆ ಆಫ್, ಅದು ಎರಡು ಬದಿಯ ಬೇಸನ್ನೂ ಸೇರಿಸಿ ನಮ್ಮ ಉಪಾಯವನ್ನೇ ಹಾಳು ಮಾಡ್ತದೆ. ಈಗ ಮಿಕ್ಸರಿನ ಒಂದೊಂದು ಚಾನೆಲಿನ ಪ್ಯಾನ್ ನಾಬ್ ಉಂಟಲ್ಲ, ಅದು ಎಡಬಲದ ನಾಬ್ ಅಲ್ಲ ಇನ್ನು, ಸಬ್ಬಿನ ನಾಬ್. ಪೂರ್ತಿ ಎಡಕ್ಕೆ ತಿರುಗಿಸಿದ್ರೆ ಆ ಮೈಕ್ ಟಾಪಿಗೆ ಮಾತ್ರ ಹೋಗ್ತದೆ, ನಡುವಲ್ಲಿ ಇಟ್ರೆ ಸಬ್ಬಿಗೂ ಹೋಗ್ತದೆ. ಬಲಕ್ಕೆ ಯಾವತ್ತೂ ಹೋಗ್ಲಿಕ್ಕಿಲ್ಲ, ಹೋದ್ರೆ ಹಾಡುವವರ ಸ್ವರ ಟಾಪಿಂದ ಮಾಯ. ಮಕ್ಕಳು ಕೈ ಹಾಕುವ ಮಂದಿರ ಆದ್ರೆ ನಾಬಿನ ಬುಡದಲ್ಲಿ ಒಂದು ಬಿಳಿ ಟೇಪ್ ಅಂಟಿಸಿ ಗುರ್ತು ಹಾಕಿಡಿ.

ಇದರಿಂದ ಎಂತ ಲಾಭ ಅಂದ್ರೆ, ಹಾಡುವವರ ನಾಲ್ಕು ಮೈಕಿಗೆ ಸಬ್ಬು ಬೇಡವೇ ಬೇಡ. ಗಂಡಸರ ಸ್ವರದಲ್ಲೂ 100 ಹರ್ಟ್ಸಿಗಿಂತ ಕೆಳಗೆ ಇರುದು ತುಂಬಾ ಕಮ್ಮಿ, ಅಲ್ಲಿ ಸಬ್ಬಿಗೆ ಹೋಗುದು ಪಾಹಿ ಪಾಹಿ ಅನ್ನುವಾಗ ಮೈಕಿಗೆ ಬಡಿಯುವ ಉಸಿರು, ಸ್ಟ್ಯಾಂಡಿಗೆ ಕಾಲು ತಾಗಿದ ದಡ್ ಸದ್ದು, ಫ್ಯಾನಿನ ಗಾಳಿ, ಇಷ್ಟೆ. ಎಲ್ಲಾ ಮೈಕೂ ಎಡಕ್ಕೆ, ಲೋ ಕಟ್ ಬಟನ್ ಒತ್ತಿ ಇಡಿ. ತಬಲಕ್ಕೆ ಎರಡು ಮೈಕ್ ಇದ್ರೆ ಬಲಗೈಯದ್ದು ಎಡಕ್ಕೆ, ಡಗ್ಗದ್ದು ನಡುವಿಗೆ. ಆ ಡಗ್ಗದ ಮೇಲೆ ಅಂಗೈ ಒತ್ತಿ ಜಾರಿಸುವಾಗ ಬರುವ ಗುಂ ಅನ್ನುವ ಸ್ವರ ಉಂಟಲ್ಲ, 18 ಇಂಚಿನ ಸಬ್ ನೀವು ತೆಗೊಂಡದ್ದೇ ಅದಕ್ಕೆ ಅಂತ ಇಟ್ಟುಕೊಳ್ಳಿ. ಹಾರ್ಮೋನಿಯಂ ಎಡಕ್ಕೇ ಸಾಕು. ಕೀಬೋರ್ಡ್ ನಡುವಿಗೆ, ಅದರಲ್ಲಿ ಎರಡು ಜ್ಯಾಕ್ ಇದ್ರೂ ಲೆಫ್ಟ್ ಮೋನೋ ಅಂತ ಬರೆದದ್ದಕ್ಕೆ ಮಾತ್ರ ಕೇಬಲ್ ಹಾಕಿ, ಆಗ ಅದೇ ಎರಡು ಬದಿ ಸೇರಿಸಿ ಕೊಡ್ತದೆ. ತಾಳಕ್ಕೆ ಮೈಕೇ ಬೇಡ, ದೇವರಾಣೆ ಬೇಡ. ಮೊಬೈಲಿಂದ ಹಾಡು ಹಾಕುವಾಗ ಮೊಬೈಲಿನ ಸೆಟ್ಟಿಂಗಲ್ಲಿ ಮೋನೋ ಆಡಿಯೋ ಆನ್ ಮಾಡಿ, ಇಲ್ಲದಿದ್ರೆ ಹಾಡಿನ ಎಡದ ಅರ್ಧ ಮಾತ್ರ ಟಾಪಲ್ಲಿ ಕೇಳ್ತದೆ. ನಡುವಿಂದ ಪೂರ್ತಿ ಎಡಕ್ಕೆ ತಿರುಗಿಸಿದ ಮೈಕ್ ಸಾಧಾರಣ ಮಿಕ್ಸರುಗಳಲ್ಲಿ ಸುಮಾರು 3 ಡಿಬಿ ಜಾಸ್ತಿ ಕೇಳ್ತದೆ, ಗಾಬರಿ ಬೇಡ, ಫೇಡರ್ ಚೂರು ಇಳಿಸಿದ್ರಾಯ್ತು. ಮಿಕ್ಸರಿನ ಆಕ್ಸ್ ಸೆಂಡ್ ಅಂತ ಇರುವ ಬೇರೆ ಔಟಿಂದಲೂ ಸಬ್ಬಿಗೆ ಕೊಡ್ತಾರೆ, ಅದೂ ಸರಿಯೇ, ಆದ್ರೆ ಸಣ್ಣ ಮಿಕ್ಸರಲ್ಲಿ ಇರುವ ಒಂದೆರಡು ಆಕ್ಸ್ ಹಾಡುವವರ ಮಾನಿಟರಿಗೆ ಬೇಕಾಗ್ತದೆ ನೋಡಿ.

ತಾಳಮದ್ದಳೆಗೂ ಇದೇ ಸೆಟ್ ಕಟ್ಟುವವರು ಕೇಳ್ತಾರೆ ಅಂತ ಇಲ್ಲೇ ಹೇಳ್ತೇನೆ, ಭಾಗವತರದ್ದೂ ಅರ್ಥಧಾರಿಗಳದ್ದೂ ಪೂರ್ತಿ ಎಡ, ಮದ್ದಳೆ ನಡುವಿಂದ ಚೂರು ಎಡಕ್ಕೆ, ಚೆಂಡೆಯನ್ನು ಸಬ್ಬಿಗೆ ಕಳ್ಸುದು ಅಂದ್ರೆ ಮೀನು ಸಾರಿಗೆ ಸಕ್ಕರೆ ಹಾಕಿದ ಹಾಗೆ. ಈಗ ಕೆಲವು ಕಡೆ ಚೆಂಡೆ ಪೆಟ್ಟಿಗೆ ಎದೆ ನಡುಗ್ಬೇಕು ಅಂತ ಬೇಸ್ ಏರಿಸ್ತಾರೆ, ಮಾತಿನ ಒಂದಕ್ಷರ ತಿಳಿಯುದಿಲ್ಲ. ಅದು ನನ್ನ ಹೊಟ್ಟೆಕಿಚ್ಚು ಅಂತ ಬೇಕಾದ್ರೆ ತಿಳ್ಕೊಳ್ಳಿ.

ವಯರಿಂಗ್ ಆದ ಮೇಲೆ ಆಂಪ್ ಆನ್ ಮಾಡುವ ಮೊದಲು ಪೆನ್ಸಿಲ್ ಸೆಲ್ ಪರೀಕ್ಷೆ ಮಾಡಿ. 1.5 ವೋಲ್ಟಿನ ಸೆಲ್ ಸಾಕು. ಆಂಪಿನ ತುದಿಯ ಕೇಬಲ್ ಕಳಚಿ ಅದರ 1+ ಗೆ ಸೆಲ್ಲಿನ ಪ್ಲಸ್, 1− ಗೆ ಮೈನಸ್ ಒಂದು ಕ್ಷಣ ತಾಗಿಸಿ, ಆಚೆ ಬಾಕ್ಸಿನ ಜಾಲರಿ ಎದುರು ಒಬ್ಬರು ಟಾರ್ಚ್ ಹಿಡ್ಕೊಂಡು ಕೂತಿರ್ಲಿ. ಟಕ್ ಅಂತ ಶಬ್ದ ಬಂದು ಕೋನ್ ಹೊರಗೆ ಬರ್ಬೇಕು. ಒಳಗೆ ಹೋದ್ರೆ ಎಲ್ಲೋ ಪ್ಲಸ್ ಮೈನಸ್ ಉಲ್ಟಾ. ಎರಡು ಟಾಪಲ್ಲಿ ಒಂದು ಹೊರಗೆ ಒಂದು ಒಳಗೆ ಹೋಗುದಾದ್ರೆ ನಡುವೆ ಕೂತವರಿಗೆ ಸ್ವರ ಪೊಳ್ಳು ಕೇಳ್ತದೆ, ಏನು ಮಾಡಿದ್ರೂ ಸರಿಯಾಗುದಿಲ್ಲ, ಎಷ್ಟೋ ಕಡೆ ಮಿಕ್ಸರೇ ಸರಿಯಿಲ್ಲ ಅಂತ ಮಾರಿದ್ದಾರೆ ಇದಕ್ಕೆ. ಸಬ್ಬಿಗೂ ಹೀಗೇ ನೋಡಿ. ಆಮೇಲೆ ಆಂಪ್ ಹಾಕಿ ಮೊಬೈಲಿನ ಟೋನ್ ಆ್ಯಪಲ್ಲಿ 100 ಹರ್ಟ್ಸ್ ಮೆಲ್ಲಗೆ ಬಿಡಿ, ಪ್ಯಾನ್ ನಡುವಲ್ಲಿರ್ಲಿ, ಜನ ಕೂರುವ ಜಾಗದಲ್ಲಿ ಒಬ್ರು ನಿಲ್ಲಿ, ಕ್ರಾಸೋವರಿನ ಲೋ ಬದಿಯ ಫೇಸ್ ಬಟನ್ ಒತ್ತಿ ಬಿಟ್ಟು ಮಾಡಿ. ಯಾವುದರಲ್ಲಿ ಜೋರು ಕೇಳ್ತದೋ ಅದು ನಿಮ್ಮ ಮಂದಿರಕ್ಕೆ ಸರಿ. ಸಬ್ ಒಂದು ಕಡೆ ಟಾಪ್ ಇನ್ನೊಂದು ಕಡೆ ಇದ್ರೆ ದೂರದ ವ್ಯತ್ಯಾಸಕ್ಕೆ ಉಲ್ಟಾ ಇಟ್ಟದ್ದೇ ಸರಿ ಬರುದೂ ಉಂಟು, 100 ಹರ್ಟ್ಸಿನ ಅಲೆಯೇ 3.4 ಮೀಟರ್ ಉದ್ದ, ಅರ್ಧ ಅಲೆಯಷ್ಟು ಹಿಂದೆ ಮುಂದೆ ಆದ್ರೆ ಒಂದನ್ನೊಂದು ತಿಂದು ಹಾಕ್ತವೆ.

ಲೆವೆಲ್ ಕಟ್ಟುವಾಗ ಮೊದಲು ರೈಟ್ ಮಾಸ್ಟರ್ ಸೊನ್ನೆ ಮಾಡಿ, ಟಾಪಲ್ಲೇ ಹಾಡು ಸ್ಪಷ್ಟ ಮಾಡ್ಕೊಳ್ಳಿ, ಮತ್ತೆ ಸಬ್ಬನ್ನು ಮೆಲ್ಲ ಏರಿಸಿ. ಸಬ್ ಉಂಟು ಅಂತ ಗೊತ್ತಾಗ್ಬಾರ್ದು, ತೆಗೆದಾಗ ಏನೋ ಕಮ್ಮಿ ಆಯ್ತಲ್ಲ ಅನ್ನಿಸ್ಬೇಕು, ಅಲ್ಲಿಗೆ ನಿಲ್ಲಿಸಿ. ಆಂಪಿನ ಮುಂದಿನ ನಾಬು ಪವರಿನ ನಾಬಲ್ಲ, ಒಳಗೆ ಬರುವ ಸಿಗ್ನಲನ್ನು ಕಡಿಮೆ ಮಾಡುವ ನಾಬು ಅಷ್ಟೆ, ಅರ್ಧಕ್ಕಿಟ್ರೆ ಆಂಪ್ ಸೇಫ್ ಅಂತ ಇಲ್ಲ. ಕ್ಲಿಪ್ ಲೈಟ್ ಡಗ್ಗದ ಪೆಟ್ಟಿಗೆ ಒಮ್ಮೊಮ್ಮೆ ಮಿಣುಕಿದ್ರೆ ಪರ್ವಾಗಿಲ್ಲ, ಹತ್ತಿಕೊಂಡೇ ಇದ್ರೆ ಇಳಿಸಿ, ಆ ಒಡೆದ ಸಿಗ್ನಲ್ಲಿಗೆ ಮೊದಲು ಸುಡುದು ಟಾಪಿನ ಒಳಗಿನ ಸಣ್ಣ ಹೈ ಡ್ರೈವರ್. ಸಬ್ಬನ್ನು ಹಾಡುವವರ ಎದುರು ಬದಿಗೆ ನೆಲದಲ್ಲೇ ಇಡಿ, ಅವರ ಹಿಂದೆ ಇಟ್ರೆ ಡಗ್ಗದ ಮೈಕಿಗೆ ಸುತ್ತಿ ಬಂದು ಹೂಂ ಅಂತ ಕೂಗ್ಲಿಕ್ಕೆ ಶುರು. ಮಾಡಿಗೆ ತಗಡು ಶೀಟ್ ಹಾಕಿದ್ರೆ ಯಾವುದೋ ಒಂದು ಸ್ವರಕ್ಕೆ ಅದೂ ಗಲಗಲ ಹಾಡ್ತದೆ, ಅದಕ್ಕೆ ಸ್ಕ್ರೂ ಬಿಗಿಮಾಡುದೇ ಮದ್ದು, ಈಕ್ವಲೈಸರ್ ಅಲ್ಲ.

ಕರೆಂಟಿನ ವಿಷಯ ಸ್ವಲ್ಪವೇ. ಆಂಪಿಗೆ 16 ಆಂಪಿಯರಿನ ಪ್ಲಗ್ ಪಾಯಿಂಟ್, ಮಿಕ್ಸರೂ ಅದೇ ಬೋರ್ಡಿಂದ, ಇಲ್ಲದಿದ್ರೆ ಗುಂಯ್ ಅಂತ ಹಮ್ ಬರ್ತದೆ. ಹಮ್ ಬಂತು ಅಂತ ಅರ್ಥ್ ಪಿನ್ ಮುರಿಯುವವರಿದ್ದಾರೆ, ಒದ್ದೆ ಕಾಲಲ್ಲಿ ಮೈಕ್ ಹಿಡಿಯುವ ಜಾಗ ಅದು, ಜೀವ ಹೋಗ್ತದೆ, ಬೇಡ. ಲ್ಯಾಪ್‌ಟಾಪಿಂದ ಬರುವ ಹಮ್ಮಾದ್ರೆ ಅದಕ್ಕೂ ಮಿಕ್ಸರಿಗೂ ನಡುವೆ ಡಿಐ ಬಾಕ್ಸ್ ಅಂತ ಸಿಗುವ ಸಣ್ಣ ಪೆಟ್ಟಿಗೆ ಹಾಕಿ. ಆನ್ ಮಾಡುವಾಗ ಆಂಪ್ ಕೊನೆಗೆ, ಆಫ್ ಮಾಡುವಾಗ ಆಂಪ್ ಮೊದಲು. ಮತ್ತೆ ನಿಮ್ಮದು ಸಮುದ್ರದ ಬದಿ, ಉಪ್ಪು ಗಾಳಿಗೆ ಜ್ಯಾಕೆಲ್ಲ ಹಸಿರು ಹಿಡೀತದೆ, ಪತ್ತನಾಜೆ ಕಳೆದ್ಮೇಲೆ ಮಳೆಗಾಲ ಪೂರ್ತಿ ಮೂಲೆಗೆ ಹಾಕದೆ ಹದಿನೈದು ದಿನಕ್ಕೊಮ್ಮೆ ಅರ್ಧ ಗಂಟೆ ಆನ್ ಇಡಿ.

ಏಕಾಹ ಅಂದ್ರೆ ಸೂರ್ಯೋದಯದಿಂದ ಸೂರ್ಯೋದಯಕ್ಕೆ, 24 ಗಂಟೆ ಆಂಪ್ ಓಡ್ಬೇಕು. 4 ಓಮ್ಸ್ ಅದಕ್ಕೆ ಭಾರ ಅಲ್ಲ, ಗಾಳಿ ಸಿಗ್ಬೇಕು ಅಷ್ಟೆ, ಕಪಾಟಿನೊಳಗೆ ಇಟ್ಟು ಬಾಗಿಲು ಹಾಕ್ಬೇಡಿ. ಅದರ ಮೇಲೆ ಪ್ರಸಾದದ ತಟ್ಟೆ ಇಡುವವರನ್ನೂ, ಅಗರಬತ್ತಿ ಸಿಕ್ಕಿಸುವವರನ್ನೂ ನಾನು ನೋಡಿದ್ದೇನೆ, ಆ ಬೂದಿ ಎಲ್ಲ ಫ್ಯಾನು ಒಳಗೆ ಎಳ್ಕೊಳ್ತದೆ.

ರಾತ್ರಿಯದ್ದೊಂದುಂಟು. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹೊರಗೆ ಲೌಡ್‌ಸ್ಪೀಕರ್ ಹಾಕ್ಲಿಕ್ಕಿಲ್ಲ, ಮನೆಗಳಿರುವ ಜಾಗದಲ್ಲಿ ರಾತ್ರಿಯ ಮಿತಿ 45 ಡೆಸಿಬಲ್. ಹೊರಗಿನ ಹಾರ್ನ್ 10ಕ್ಕೆ ಬಂದ್ ಮಾಡಿದ್ರೂ ಒಳಗಿನ ಸಬ್ ಇದ್ರೆ ಆಚೆ ಮನೆಯವರಿಗೆ ಹಾಡು ಕೇಳ್ಲಿಕ್ಕಿಲ್ಲ, ಗೋಡೆ ದಾಟಿ ದುಂ ದುಂ ಮಾತ್ರ ಕೇಳ್ತದೆ, ಅದರಷ್ಟು ಕಿರಿಕಿರಿ ಬೇರೆ ಇಲ್ಲ. ನಿಮ್ಮ ಸಬ್ಬು ಪೂರ್ತಿ ರೈಟ್ ಮಾಸ್ಟರಲ್ಲಿ ಉಂಟಲ್ಲ, 10 ಗಂಟೆಗೆ ಆ ಒಂದು ಫೇಡರ್ ಕೆಳಗೆ ಎಳೀರಿ, ಟಾಪ್ ಅರ್ಧಕ್ಕೆ ಇಳಿಸಿ, ಒಳಗೆ ಕೂತವರಿಗೆ ಸಾಕಾಗ್ತದೆ. ಬೆಳಿಗ್ಗೆ ಮಂಗಳಾರತಿಗೆ ಗಡಿಯಾರ ನೋಡಿ, 6 ದಾಟಿದ್ರೆ ಪುನಃ ಏರಿಸಿ.